ಪಟ್ಟಿಯಲ್ಲಿ ಸೇರದ ಹೆಸರುಗಳು

ಆಯ್ಕೆಯೆಂದರೆ ಒಬ್ಬರನ್ನು ಕರೆಯುವುದು. ಅದೇ ಗಳಿಗೆಯಲ್ಲಿ ಮತ್ತೊಬ್ಬರನ್ನು ಬಿಡುವುದು. ಹಾಗಿರುವಾಗ ಆಯ್ಕೆಯಲ್ಲೇ ಅನ್ಯಾಯ ಅಡಗಿದೆಯೇ? ಅಥವಾ ಅನ್ಯಾಯವು ಬೇರೆಲ್ಲೋ ಇದ್ದು, ನಾವು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆಯೇ? ಕ್ರೀಡಾರಂಗದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

2025ರ ಆಗಸ್ಟ್ 22ರಿಂದ ಸೆಪ್ಟೆಂಬರ್ 7ರವರೆಗೆ ಥಾಯ್ಲೆಂಡಿನಲ್ಲಿ ಮಹಿಳೆಯರ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್ ಜರುಗಿತು. ಮೊದಲ ಬಾರಿಗೆ 32 ರಾಷ್ಟ್ರಗಳು ಅದರಲ್ಲಿ ಪಾಲ್ಗೊಂಡವು. ಅಂತಿಮ ಪಂದ್ಯದಲ್ಲಿ ಇಟಲಿಯು ತುರ್ಕಿಯನ್ನು 3–2 ಸೆಟ್‌ಗಳಿಂದ ಸೋಲಿಸಿತು. ಭಾರತದ ಹೆಸರು ಆ 32ರಲ್ಲಿ ಇರಲಿಲ್ಲ. ಪ್ರತಿ ತಂಡದ ಪಟ್ಟಿಯಲ್ಲಿ ಹದಿನಾಲ್ಕು ಆಟಗಾರ್ತಿಯರಿಗೆ ಸ್ಥಾನ. ಅಂಗಳದಲ್ಲಿ ಏಕಕಾಲಕ್ಕೆ ಆಡುವವರು ಆರೇ ಮಂದಿ. ಉಳಿದವರು ಗೆರೆಯಾಚೆ ನಿಂತು ಕಾಯುತ್ತಾರೆ. ಆ ಪಟ್ಟಿಯನ್ನೂ ಸೇರದೆ ತಮ್ಮ ತಮ್ಮ ಊರುಗಳಲ್ಲೇ ಉಳಿದವರ ಲೆಕ್ಕವನ್ನು ಇಟ್ಟವರಿಲ್ಲ.

ಈ ಆಟ ಹುಟ್ಟಿದ್ದು ಕೆಲವರನ್ನು ಆರಿಸಲಿಕ್ಕಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತಿದ್ದ ವಿಲಿಯಂ ಮಾರ್ಗನ್ ಇದನ್ನು ರೂಪಿಸಿದರು. ಬ್ಯಾಸ್ಕೆಟ್‌ಬಾಲಿನ ಓಟವನ್ನೂ ಘರ್ಷಣೆಯನ್ನೂ ತಾಳಲಾರದ ನಡುವಯಸ್ಸಿನವರು ಕೂಡ ಆಡುವಂತಾಗಲಿ ಎಂಬುದು ಅವರ ಉದ್ದೇಶವಾಗಿತ್ತು. ಎರಡು ಕಂಬ, ಒಂದು ಬಲೆ, ಒಂದು ಚೆಂಡು ಇದ್ದರೆ ಸಾಕು. ನಮ್ಮ ಹಳ್ಳಿಗಳಿಗೂ ಈ ಆಟ ಒಗ್ಗಿಹೋದದ್ದು ಈ ಸರಳತೆಯಿಂದಲೇ. ಆದರೆ ಎಲ್ಲರೂ ಆಡಬಹುದಾದ ಆಟದಿಂದ ಹದಿನಾಲ್ಕು ಮಂದಿಯನ್ನು ಆರಿಸುವ ಘಟ್ಟ ಬಂದೇ ಬರುತ್ತದೆ. ಅದು ಅನಿವಾರ್ಯ, ಅನಿವಾರ್ಯವಾದುದನ್ನು ಅನ್ಯಾಯವೆಂದು ಕರೆಯುವುದು ಸರಿಯಲ್ಲ.

ಆಯ್ಕೆಯು ಮನುಷ್ಯರ ಬೆಲೆಯ ಕುರಿತಾದ ತೀರ್ಪೂ ಅಲ್ಲ. ಇಟಲಿ ತಂಡದಲ್ಲಿ ಮೋನಿಕಾ ಡಿ ಜೆನ್ನಾರೊ ಅವರ ಸ್ಥಾನ ‘ಲಿಬೆರೊ’ ಆಗಿತ್ತು. ಈ ಸ್ಥಾನದವರು ತಂಡದ ಇತರರಿಗಿಂತ ಭಿನ್ನ ಬಣ್ಣದ ಅಂಗಿ ತೊಡುತ್ತಾರೆ. ಅವರು ಬಲೆಯ ಬಳಿ ಎದುರಾಳಿಯ ಹೊಡೆತಕ್ಕೆ ಕೈಯೆತ್ತಿ ಅಡ್ಡ ನಿಲ್ಲುವಂತಿಲ್ಲ. ಬಲೆಗಿಂತ ಎತ್ತರದಲ್ಲಿರುವ ಚೆಂಡನ್ನು ಎದುರಾಳಿಯತ್ತ ಹೊಡೆಯುವಂತಿಲ್ಲ. ನೆಲಕ್ಕೆ ಬೀಳಲಿರುವ ಚೆಂಡನ್ನು ಎತ್ತಿ ಕೊಡುವುದೇ ಅವರ ಕಾಯಕ. ಅಂಕ ಗಳಿಸಿದ ಕೀರ್ತಿ ಬಹುಮಟ್ಟಿಗೆ ಇತರರದು. ಆದರೂ 2024ರಲ್ಲಿ ಪ್ಯಾರಿಸ್‌ನಲ್ಲಿ ಇಟಲಿ ಗೆದ್ದ ಒಲಿಂಪಿಕ್ ಚಿನ್ನವನ್ನು ಅವರಿಲ್ಲದೆ ಊಹಿಸಲಾಗದು. ಈ ಆಟದ ಇನ್ನೊಂದು ನಿಯಮವೂ ಗಮನಾರ್ಹ: ಬಲೆಯ ಬಳಿ ತಡೆಯುವ ಹೊತ್ತನ್ನು ಬಿಟ್ಟರೆ, ಎಂಥ ಶ್ರೇಷ್ಠ ಆಟಗಾರ್ತಿಯೂ ಚೆಂಡನ್ನು ಸತತವಾಗಿ ಎರಡು ಬಾರಿ ಮುಟ್ಟುವಂತಿಲ್ಲ. ಅವಳು ಅದನ್ನು ಮತ್ತೊಬ್ಬಳಿಗೆ ಬಿಟ್ಟುಕೊಡಲೇಬೇಕು. ಹೀಗಿರುವಾಗ ಪಟ್ಟಿಯೆಂಬುದು ಶ್ರೇಷ್ಠರ ಮೆರವಣಿಗೆಯಲ್ಲ, ಕೆಲಸಗಳ ಹಂಚಿಕೆ.

ಹಾಗಾದರೆ ಅನ್ಯಾಯ ಎಲ್ಲಿದೆ? ಅದು ಆರಿಸುವ ಕಣ್ಣಿನಲ್ಲಿದೆ. ಪ್ಯಾರಿಸ್‌ನ ಗೆಲುವಿನ ಬೆನ್ನಲ್ಲೇ, ತಂಡದ ಪ್ರಮುಖ ಆಟಗಾರ್ತಿ ಪಾವೊಲಾ ಎಗೊನು ಅವರ ಚಿತ್ರವನ್ನು ರೋಮ್ ನಗರದ ಗೋಡೆಯೊಂದರ ಮೇಲೆ ಬಿಡಿಸಲಾಯಿತು. ನೈಜೀರಿಯಾ ಮೂಲದ ತಂದೆತಾಯಿಗೆ ಇಟಲಿಯಲ್ಲೇ ಹುಟ್ಟಿದವರು ಅವರು. ಯಾರೋ ಆ ಚಿತ್ರದ ಕಪ್ಪು ಮೈಬಣ್ಣಕ್ಕೆ ಗುಲಾಬಿ ಬಣ್ಣ ಬಳಿದರು. ದೇಶಕ್ಕೆ ಚಿನ್ನ ತಂದವಳನ್ನೂ ಕೆಲವು ಕಣ್ಣುಗಳು ನೋಡಲು ಒಪ್ಪಲಿಲ್ಲ. ಇದು ನೋಡಿಯೂ ಒಲ್ಲೆನೆನ್ನುವ ಕಣ್ಣು. ಇದಕ್ಕಿಂತ ಸಾಮಾನ್ಯವಾದುದು, ಸದ್ದಿಲ್ಲದ್ದು, ನೋಡಲೇ ಹೋಗದ ಕಣ್ಣು.

ಪವಿತ್ರ ಗ್ರಂಥದಲ್ಲಿ ಪ್ರವಾದಿ ಸಮುವೇಲನು ಅರಸನನ್ನು ಆರಿಸಲು ಬೆತ್ಲೆಹೇಮಿಗೆ ಬಂದ ಪ್ರಸಂಗವನ್ನು ನೆನೆಯಿರಿ. ತಂದೆಯು ಏಳು ಮಂದಿ ಮಕ್ಕಳನ್ನು ಸಾಲಾಗಿ ಪ್ರವಾದಿಯ ಮುಂದೆ ತಂದನು. ಕಿರಿಯವನಾದ ದಾವೀದನು ಕುರಿ ಕಾಯಲು ಹೋಗಿದ್ದನು. ಅವನನ್ನು ಯಾರೂ ತಿರಸ್ಕರಿಸಿರಲಿಲ್ಲ. ಕರೆದೇ ಇರಲಿಲ್ಲ, ಅಷ್ಟೆ. ಕೆಲಸಕ್ಕೆ ಹೋದವನನ್ನು ಲೆಕ್ಕದಿಂದ ಬಿಟ್ಟವರು ಶತ್ರುಗಳಲ್ಲ, ಸ್ವಂತ ಮನೆಯವರು. ತಿರಸ್ಕಾರಕ್ಕೂ ಮರೆವಿಗೂ ಇರುವ ಈ ವ್ಯತ್ಯಾಸವನ್ನು ನಾವು ಗಂಭೀರವಾಗಿ ಚಿಂತಿಸಬೇಕು.

ನಮ್ಮ ಬೀದರ್ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಔರಾದ ತಾಲ್ಲೂಕು ಕರ್ನಾಟಕದ ಉತ್ತರದ ತುತ್ತತುದಿ. ಅಲ್ಲಿಂದಾಗಲಿ ಭಾಲ್ಕಿಯಿಂದಾಗಲಿ ಹೊರಟ ಶಾಲಾ ಬಾಲಕಿಯು ತಾಲ್ಲೂಕು ಮಟ್ಟವನ್ನು ದಾಟಿ ಬೀದರಿಗೆ, ಅಲ್ಲಿಂದ ವಿಭಾಗ ಮಟ್ಟಕ್ಕೆ, ಅನಂತರ ರಾಜ್ಯ ಮಟ್ಟಕ್ಕೆ ಏರಬೇಕು. ರಾಜಧಾನಿ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಒಂದೊಂದು ಮೆಟ್ಟಿಲಿಗೂ ಬಸ್ಸಿನ ಖರ್ಚು, ಜೊತೆಗೆ ಹೋಗುವ ಶಿಕ್ಷಕಿಯ ಅಗತ್ಯ, ಮನೆಯವರ ಒಪ್ಪಿಗೆ. ಸೋಯಾಬೀನ್ ಕೊಯ್ಲು ಬಂದರೆ ಕೂಲಿಗೆ ಕೈ ಬೇಕು. ತಾಯಿ ಹೊಲಕ್ಕೆ ಹೋದರೆ ತಮ್ಮತಂಗಿಯರನ್ನು ನೋಡಿಕೊಳ್ಳಲು ಅಕ್ಕ ಬೇಕು. ಹತ್ತನೆಯ ತರಗತಿಯ ನಂತರ ಎಷ್ಟೋ ಹೆಣ್ಣುಮಕ್ಕಳ ಕೈಯಿಂದ ಚೆಂಡು ಜಾರುತ್ತದೆ. ಇವರು ಸೋತವರಲ್ಲ, ಸೋಲುವ ಅವಕಾಶವೂ ಇವರಿಗೆ ದೊರೆತಿಲ್ಲ.

‘ಅರ್ಹತೆಯಿದ್ದರೆ ಮೇಲೆ ಬರುತ್ತಾರೆ’ ಎಂದು ಹೇಳುವವರಿದ್ದಾರೆ. ಈ ಮಾತು ಅರ್ಧ ಸತ್ಯ. ಎಲ್ಲರಿಗೂ ಒಂದೇ ಪರೀಕ್ಷೆಯಿಟ್ಟ ಮಾತ್ರಕ್ಕೆ ಸಮಾನತೆ ಬಾರದೆಂಬುದು ನಮ್ಮ ಭಾಗದ ಜನರಿಗೆ ಅನುಭವದಿಂದ ತಿಳಿದ ಸಂಗತಿ. ಸಂವಿಧಾನದ 371(ಜೆ) ವಿಧಿ ನಮಗೆ ದೊರೆತದ್ದು ಈ ತಿಳಿವಳಿಕೆಯಿಂದಲೇ. 2012ರಲ್ಲಿ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯು, ಹಿಂದುಳಿದ ಈ ಪ್ರದೇಶದವರಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಪಾಲು ದೊರಕಿಸಿತು. ನಮಗೆ ಬೇಕೆನಿಸಿದ ಆ ನ್ಯಾಯವನ್ನು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನಾವು ಸಲ್ಲಿಸುತ್ತಿದ್ದೇವೆಯೇ? ಮಗ ಆಡಲು ಹೊರಟಾಗ ಕೇಳದ ಪ್ರಶ್ನೆಗಳನ್ನು ಮಗಳಿಗೆ ಕೇಳುವುದಿಲ್ಲವೇ?

ಒಲಿಂಪಿಕ್ ಕ್ರೀಡೆಗಳಿಗೆ ಮಹಿಳಾ ವಾಲಿಬಾಲ್ ಪ್ರವೇಶಿಸಿದ್ದು 1964ರಲ್ಲಿ, ಟೋಕಿಯೋದಲ್ಲಿ. ಅಂದು ಚಿನ್ನ ಗೆದ್ದ ಜಪಾನ್ ತಂಡದ ಹೆಚ್ಚಿನವರು ಕೈಜುಕಾ ಎಂಬಲ್ಲಿದ್ದ ನೂಲಿನ ಗಿರಣಿಯೊಂದರ ಉದ್ಯೋಗಿಗಳು. ಹಗಲು ದುಡಿಮೆ, ಅದಾದ ಮೇಲೆ ರಾತ್ರಿಯವರೆಗೂ ಅಭ್ಯಾಸ. ಅವರ ತರಬೇತಿಯ ಕಾಠಿಣ್ಯವನ್ನು ನಾವು ಅನುಕರಿಸಬೇಕಿಲ್ಲ. ಆದರೆ ದುಡಿಯುವ ಹೆಣ್ಣುಮಕ್ಕಳ ನಡುವೆಯೇ ರಾಷ್ಟ್ರದ ತಂಡವನ್ನು ಕಂಡ ಆ ನೋಟವನ್ನು ಕಲಿಯಬಹುದು.

ಪ್ರಿಯ ಓದುಗರೇ, ನಮ್ಮ ಎಲ್ಲ ಮಕ್ಕಳೂ ರಾಷ್ಟ್ರೀಯ ತಂಡವನ್ನು ಸೇರಲಾರರು. ಸೇರಲೇಬೇಕೆಂದು ಹಟ ಹಿಡಿಯುವುದೂ ಮಕ್ಕಳ ಮೇಲೆ ಹೊರಿಸುವ ಇನ್ನೊಂದು ಭಾರವೇ. ಬಿಟ್ಟುಹೋದ ಹೆಸರಿಗೆ ಬೇಕಾದುದು ಕನಿಕರವಲ್ಲ. ‘ನಿನ್ನನ್ನು ನೋಡಿದೆವು, ಸರಿಯಾಗಿ ನೋಡಿದೆವು’ ಎಂಬ ಭರವಸೆ. ಆ ಭರವಸೆಯಿದ್ದರೆ ಸೋಲನ್ನೂ ಗೌರವದಿಂದ ಹೊರಬಹುದು. ಆಯ್ಕೆಯಾದವಳಿಗೂ ಒಂದು ಋಣವಿದೆ: ತನ್ನ ಜಾಗಕ್ಕಾಗಿ ಸಮವಾಗಿ ಬೆವರಿದವರಿದ್ದಾರೆಂಬುದನ್ನು ಅವಳು ಮರೆಯಬಾರದು.

ನೋಡುವ ಹೊಣೆ ಆಯ್ಕೆ ಸಮಿತಿಯದು ಮಾತ್ರವಲ್ಲ. ಅದು ತಂದೆತಾಯಿಯಿಂದ, ಶಾಲೆಯ ಶಿಕ್ಷಕರಿಂದ, ನೆರೆಹೊರೆಯವರಿಂದ ಆರಂಭವಾಗಬೇಕು. ಮುಂದಿನ ಬಾರಿ ತಾಲ್ಲೂಕು ಕ್ರೀಡಾಕೂಟದ ಕರೆ ಬಂದಾಗ, ಹೊಲದಲ್ಲೋ ಒಲೆಯ ಮುಂದೋ ಇರುವ ಮಗಳನ್ನು ಮೊದಲು ನೆನೆಯೋಣ. ಅವಳ ಒಂದು ದಿನದ ಕೆಲಸವನ್ನು ಮನೆಯ ಉಳಿದವರು ಹಂಚಿಕೊಂಡು, ಅವಳನ್ನು ಅಂಗಳಕ್ಕೆ ಕಳುಹಿಸೋಣ.