ಕರ್ತೃವೋ, ಕರಣವೋ?

ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನು ಕರ್ತೃ, ಕ್ರಿಯಾಸಿದ್ಧಿಗೆ ಅತ್ಯಂತ ಉಪಕಾರಕವಾದುದು ಕರಣ ಎಂದು ವೈಯಾಕರಣರು ವಿಭಾಗಿಸಿರುವರು. ಬಡಗಿಯು ಕೊಡಲಿಯಿಂದ ಮರವನ್ನು ಕಡಿಯುವಲ್ಲಿ ಬಡಗಿಯು ಕರ್ತೃ, ಕೊಡಲಿಯು ಕರಣ. ಆದರೂ ಕೊಡಲಿಯ ಹರಿತವನ್ನು ಹೊಗಳಬೇಕೆನಿಸಿದಾಗ ‘ಈ ಕೊಡಲಿ ಚೆನ್ನಾಗಿ ಕಡಿಯುತ್ತದೆ’ ಎನ್ನುವೆವು. ವಿವಕ್ಷಾವಶದಿಂದ ಕರಣವೂ ಕರ್ತೃವಿನ ಪೀಠವನ್ನೇರಬಹುದೆಂದು ಶಾಸ್ತ್ರವೇ ಒಪ್ಪಿರುವುದು. ಆದರೆ ಮಾತಿನಲ್ಲಿ ಸಲ್ಲುವುದೆಲ್ಲವೂ ಧರ್ಮವಿಚಾರದಲ್ಲಿ ಸಲ್ಲುವುದೇ? ಇಂದಿನ ವಿಜ್ಞಾನದ ಒಂದು ಮಹಾಪ್ರಯತ್ನವು ಈ ಪ್ರಶ್ನೆಯನ್ನು ಹೊಸದಾಗಿ ನಮ್ಮ ಮುಂದಿಟ್ಟಿರುವುದು.

ಸೂರ್ಯಗರ್ಭದಲ್ಲಿ ಜಲಜನಕದ ಪರಮಾಣುಬೀಜಗಳು ಒಂದುಗೂಡಿ ಹೀಲಿಯಂ ಆಗುವಾಗ ಹೊರಡುವ ಶಕ್ತಿಯೇ ನಮಗೆ ಬೆಳಕಾಗಿಯೂ ಬಿಸಿಲಾಗಿಯೂ ಬರುತ್ತಿರುವುದು. ಈ ಸಮ್ಮಿಲನವನ್ನು ಭೂಮಿಯಲ್ಲಿಯೇ ಸಾಧಿಸಿ ವಿದ್ಯುತ್ತನ್ನು ಪಡೆಯಬೇಕೆಂಬುದು ವಿಜ್ಞಾನಿಗಳ ಬಹುಕಾಲದ ಹಂಬಲ. ಸೂರ್ಯಗರ್ಭದ ತಾಪವು ಸುಮಾರು 1.5 ಕೋಟಿ ಡಿಗ್ರಿ. ಇಲ್ಲಿ ಬೇಕಾಗುವುದಾದರೋ ಸುಮಾರು 15 ಕೋಟಿ ಡಿಗ್ರಿ. ಇಂತಹ ಉರಿಯನ್ನು ಮುಟ್ಟಿ ಹಿಡಿಯಬಲ್ಲ ಪಾತ್ರೆಯು ಲೋಕದಲ್ಲಿಲ್ಲ. ಆದುದರಿಂದ ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರದಲ್ಲಿ ಅಯಸ್ಕಾಂತಬಲದಿಂದ ಅದನ್ನು ಗೋಡೆಗೆ ಸೋಕದಂತೆ ತೇಲಿಸಿ ನಿಲ್ಲಿಸುವರು. ಪ್ಲಾಸ್ಮಾ ಎಂದು ಹೆಸರಾದ ಈ ಉರಿಯು ಬಹು ಚಂಚಲವಾದುದು. ಕಣ್ಣೆವೆಯಿಕ್ಕುವಷ್ಟರಲ್ಲಿ ಅದು ಹದ ತಪ್ಪಬಲ್ಲುದು. ಮನುಷ್ಯನ ಕೈ ಅಷ್ಟು ಬೇಗ ಚಲಿಸಲಾರದು.

ಇಲ್ಲಿಯೇ ಕೃತಕ ಬುದ್ಧಿಮತ್ತೆಯ ಪ್ರವೇಶ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಟೋಕಮಾಕಿನಲ್ಲಿ 19 ಅಯಸ್ಕಾಂತ ಸುರುಳಿಗಳನ್ನು ಏಕಕಾಲಕ್ಕೆ ನಡೆಸಿ, ಪ್ಲಾಸ್ಮಾವನ್ನು ಬೇಕಾದ ಆಕಾರಗಳಲ್ಲಿ ನಿಲ್ಲಿಸಿದ ಯಂತ್ರಬುದ್ಧಿಯ ವೃತ್ತಾಂತವು 2022ರಲ್ಲಿ ಪ್ರಕಟವಾಯಿತು. ಅಣಕುಯಂತ್ರವೊಂದರಲ್ಲಿ ಅಸಂಖ್ಯ ಸಲ ತಪ್ಪಿ, ಸರಿಯಾದುದಕ್ಕೆ ಅಂಕಗಳನ್ನು ಪಡೆದು, ಅದು ಆ ಕೌಶಲವನ್ನು ಕಲಿತಿತ್ತು. 2024ರಲ್ಲಿ ಪ್ರಿನ್ಸ್‌ಟನ್ನಿನ ವಿದ್ವಾಂಸರು ಮತ್ತೊಂದು ಫಲವನ್ನು ತಿಳಿಸಿದರು. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಟೋಕಮಾಕಿನಲ್ಲಿ, ಹಿಂದಿನ ಪ್ರಯೋಗಗಳ ದಾಖಲೆಗಳಿಂದ ಕಲಿತ ಯಂತ್ರಬುದ್ಧಿಯು ಪ್ಲಾಸ್ಮಾ ಹರಿಯುವ ಸಂಭವವನ್ನು 300 ಮಿಲಿಸೆಕೆಂಡುಗಳಷ್ಟು ಮೊದಲೇ ಊಹಿಸಿ ತಪ್ಪಿಸಿತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ‘ಕ್ಷಣಕ್ಷಣದ ನಿರ್ಣಯವೆಲ್ಲ ಯಂತ್ರದ್ದು. ಏಕೆ ಹೀಗೆ ಮಾಡಿದೆಯೆಂದು ಕೇಳಿದರೆ ಅದು ಹೇತುವನ್ನು ಹೇಳಲಾರದು. ಅದನ್ನು ರಚಿಸಿದವರಿಗೂ ಎಷ್ಟೋ ವೇಳೆ ಅದು ಗೋಚರಿಸದು. ತಾನರಿಯದ ಕಾರ್ಯಕ್ಕೆ ಮನುಷ್ಯನು ಹೊಣೆಯಾಗುವುದೆಂತು? ಆದುದರಿಂದ ಯಂತ್ರವೇ ಕರ್ತೃ.’ ಇದು ತಳ್ಳಿಹಾಕತಕ್ಕ ಮಾತಲ್ಲ. ಕೊಡಲಿಯು ಎಂದೂ ತಾನಾಗಿ ಮರವನ್ನು ಆರಿಸಿಕೊಳ್ಳಲಿಲ್ಲವಷ್ಟೆ.

ಆದರೆ ಅಂಕಗಳನ್ನು ಕೊಟ್ಟವರು ಯಾರೆಂಬುದನ್ನು ಕೇಳಬೇಕು. ಪ್ಲಾಸ್ಮಾವು ಎಂತಹ ಆಕಾರದಲ್ಲಿರಬೇಕು, ಯಾವ ಎಲ್ಲೆಯನ್ನು ಮೀರಬಾರದು ಎಂಬುದನ್ನು ಲೊಸಾನ್‌ನಲ್ಲಿ ಮನುಷ್ಯರೇ ವಿಧಿಸಿದ್ದರು. ಸ್ಯಾನ್ ಡಿಯಾಗೋದ ಪ್ರಯೋಗದಲ್ಲಿ ಈ ಮರ್ಮವು ಮತ್ತಷ್ಟು ಸ್ಫುಟವಾಗಿರುವುದು. ಪ್ಲಾಸ್ಮಾದ ಒತ್ತಡವು ಹೆಚ್ಚಿದಷ್ಟೂ ಫಲವು ಹೆಚ್ಚು, ಹರಿಯುವ ಭಯವೂ ಹೆಚ್ಚು. ಎಷ್ಟು ಫಲಕ್ಕಾಗಿ ಎಷ್ಟು ಅಪಾಯವನ್ನು ಸಹಿಸಬಹುದೆಂಬ ಗಡಿಯನ್ನು ಯಂತ್ರವು ಕಂಡುಕೊಳ್ಳಲಿಲ್ಲ, ಮನುಷ್ಯನು ಗೊತ್ತುಪಡಿಸಿದನು. ಆ ಗಡಿಯೊಳಗೆ ಸಾಗುವ ಉಪಾಯವನ್ನು ಮಾತ್ರ ಯಂತ್ರವು ಕಂಡಿತು. ಉಪಾಯವನ್ನು ಕಾಣುವುದು ಬುದ್ಧಿಯ ಕೆಲಸ; ಲಾಭವನ್ನೂ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಇಷ್ಟು ಸಾಕು’ ಎನ್ನುವುದು ವಿವೇಕದ ಕೆಲಸ. ಎರಡನೆಯದು ಯಾರದೋ ಅವನೇ ಕರ್ತೃ.

ಹಾಗಾದರೆ ಯಂತ್ರದ ವೇಗದಿಂದ ಮನುಷ್ಯನ ಹೊಣೆಯು ಕರಗಲಿಲ್ಲ, ಮುಂದಕ್ಕೆ ಸರಿಯಿತು. ಬಿಟ್ಟ ಬಾಣವು ಹಾರುತ್ತಿರುವಾಗ ಬಿಲ್ಲುಗಾರನು ಏನನ್ನೂ ಮಾಡಲಾರನೆಂಬುದು ನಿಜ. ಆದುದರಿಂದಲೇ ಬಿಡುವ ಮುನ್ನ ಅವನು ಹೆಚ್ಚು ಯೋಚಿಸತಕ್ಕದ್ದು. ಕೈಯಿಂದ ನಡೆಸುವ ಕೆಲಸದಲ್ಲಿ ತಪ್ಪನ್ನು ನಡುವೆ ತಿದ್ದಿಕೊಳ್ಳಲು ಅವಕಾಶವುಂಟು. ಯಂತ್ರಬುದ್ಧಿಗೆ ಒಪ್ಪಿಸಿದ ಕೆಲಸದಲ್ಲಿಯಾದರೋ ವಿವೇಕವೆಲ್ಲವೂ ಆರಂಭದಲ್ಲಿಯೇ ವಿನಿಯೋಗವಾಗಬೇಕು.

ಸಮ್ಮಿಲನದಲ್ಲಿ ಹದ ತಪ್ಪಿದ ಉರಿಯು ತಾನೇ ನಂದುವುದಲ್ಲದೆ, ಪರಮಾಣು ವಿದಳನದಂತೆ ಸರಪಳಿಯಾಗಿ ಬೆಳೆಯದು. ಯಂತ್ರದ ಗೋಡೆಗೆ ಹಾನಿಯಾಗಬಹುದು. ವಿಕಿರಣಶೀಲವಾದ ಟ್ರೈಟಿಯಮ್ಮನ್ನು ಎಚ್ಚರದಿಂದ ಕಾಯಬೇಕಾಗಬಹುದು. ಆದುದರಿಂದ ಇಲ್ಲಿ ‘ಯಂತ್ರವು ಮಾಡಿತು’ ಎಂದರೆ ಏನು ಮಹಾನಷ್ಟವೆಂದು ಕೆಲವರು ಕೇಳಬಹುದು. ನಷ್ಟವಿರುವುದು ಅಭ್ಯಾಸದಲ್ಲಿ. ಸಣ್ಣ ಹೊಣೆಯನ್ನು ಕರಣದ ಮೇಲೆ ಹೊರಿಸಲು ಕಲಿತ ನಾಲಗೆಯು ಆಸ್ಪತ್ರೆಯಲ್ಲಿಯೂ ನ್ಯಾಯಾಲಯದಲ್ಲಿಯೂ ರಣರಂಗದಲ್ಲಿಯೂ ಅದೇ ಮಾತನ್ನಾಡೀತು.

ಸಮ್ಮಿಲನದ ವಿದ್ಯುತ್ತು ಇನ್ನೂ ಯಾರ ಮನೆಯ ದೀಪವನ್ನೂ ಬೆಳಗಿಲ್ಲ. ಆದರೆ ಫ್ರಾನ್ಸ್ ದೇಶದಲ್ಲಿ ನಿರ್ಮಾಣವಾಗುತ್ತಿರುವ ಇಟರ್ ಎಂಬ ಮಹಾಯಂತ್ರಕ್ಕೆ ಭಾರತವು 2005ರಿಂದ ಪಾಲುದಾರ. ಅದರ ಬೃಹತ್ ಹೊರಕವಚದ ಭಾಗಗಳು ಗುಜರಾತಿನ ಹಜೀರಾದಲ್ಲಿ ಸಿದ್ಧವಾದುವು. ಮಾಡಿದವನಂತೆ ಮಾಡಿಸಿದವನಿಗೂ, ಒಪ್ಪಿ ಅನುಮೋದಿಸಿದವನಿಗೂ ಕರ್ಮಫಲದಲ್ಲಿ ಪಾಲುಂಟೆಂಬುದು ಹಿರಿಯರ ಮತ. ನಮ್ಮ ತೆರಿಗೆಯ ಹಣವು ಅಲ್ಲಿರುವಾಗ ನಾವೂ ಅನುಮೋದಕರೇ. ಆದುದರಿಂದ ‘ಎಷ್ಟು ಸಾಕು, ಎಷ್ಟು ಸಹ್ಯ’ ಎಂಬ ಗಡಿಯನ್ನು ಯಾರು ಹಾಕಿದರು, ಯಾರನ್ನು ಕೇಳಿ ಹಾಕಿದರು ಎಂದು ವಿಚಾರಿಸುವುದು ತಜ್ಞರಲ್ಲದ ನಮಗೂ ಕರ್ತವ್ಯವಾಗಿರುವುದು.