ಹೆಣ್ಣಾಳು, ಗಂಡಾಳು

ಶಿವಮೊಗ್ಗದ ಸವಳಂಗ ರಸ್ತೆಯ ನವುಲೆ ಈಗ ಹಳ್ಳಿಯೂ ಅಲ್ಲ, ಪೂರಾ ಪೇಟೆಯೂ ಅಲ್ಲ. ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಮೈದಾನ ಎಲ್ಲಾ ಬಂದವು. ಗದ್ದೆಗಿಳಿಯುತ್ತಿದ್ದ ಕೈಗಳು ಗಾರೆ ಕೆಲಸಕ್ಕೆ ಹೋದವು. ಬಾಂಡ್ಲಿ ಹೊರುವವಳು ಹೆಣ್ಣು, ಕರಣೆ ಹಿಡಿದವನು ಗಂಡು. ಗದ್ದೆಯಿಂದ ಬದಲಾಗದೆ ಬಂದದ್ದು ಎರಡು ಮಾತು: ಹೆಣ್ಣಾಳು, ಗಂಡಾಳು. ಹೆಸರು ಎರಡಾದ ಕೂಡಲೇ ಕೂಲಿಯೂ ಎರಡು.

ಯಾಕೆ ಅಂದರೆ, ಗಂಡಸಿನ ಕೆಲಸ ಭಾರ ಅಂತಾರೆ. ಭಾರಕ್ಕೇ ಬೆಲೆಯಾದರೆ ದಿನವಿಡೀ ಬಾಂಡ್ಲಿ ಹೊತ್ತವಳಿಗೆ ಮೇಸ್ತ್ರಿಗಿಂತ ಹೆಚ್ಚು ಸಿಗಬೇಕಿತ್ತು. ಇಲ್ಲ, ಕಸುಬಿಗೆ ಬೆಲೆ ಅಂತಾರೆ. ಕೆಸರಲ್ಲಿ ಬಗ್ಗಿ ಸಾಲು ತಪ್ಪದೆ ಸಸಿ ನೆಡುವುದು ಕಸುಬಲ್ಲವೇ? ಅದು ಹೆಂಗಸರಿಗೆ ಹುಟ್ಟಿನಿಂದ ಬಂದದ್ದಂತೆ! ಈ ಮಾತು ನಮಗೆ ಹೊಸದಲ್ಲ. ಚಪ್ಪಲಿ ಹೊಲಿಯುವುದೂ ಸತ್ತ ದನ ಹೊರುವುದೂ ಹುಟ್ಟಿನಿಂದ ಬಂದದ್ದು ಅಂತಲೇ ಹೇಳಿ ನಮ್ಮವರಿಂದ ಬಿಟ್ಟಿ ಮಾಡಿಸಿಕೊಂಡರಲ್ಲ!

ಅಡಿಕೆ ಸುಲಿತ ನೋಡಿ. ಅಲ್ಲಿ ಅಳತೆಗೆ ಕೂಲಿ. ಸುಲಿದ ಕೈ ಯಾರದ್ದು ಅಂತ ಡಬ್ಬ ಕೇಳುವುದಿಲ್ಲ. ಭೇದ ಹುಟ್ಟುವುದು ದಿನಗೂಲಿಯಲ್ಲಿ. ಅಲ್ಲಿ ಅಳೆಯುವುದು ಕೆಲಸವನ್ನಲ್ಲ, ಮೈಯನ್ನು.

ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಸಂವಿಧಾನದ 39(ಡಿ) ವಿಧಿ ಹೇಳಿತು. ಆದರೆ ಅದು ನಿರ್ದೇಶಕ ತತ್ವ, ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. 1976ರ ಸಮಾನ ವೇತನ ಕಾಯ್ದೆ 'ಒಂದೇ ಬಗೆಯ ಕೆಲಸ' ಎಂದಿತು. 2019ರ ವೇತನ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಧಣಿಗೆ ಕಷ್ಟವೇ ಆಗಲಿಲ್ಲ. ಕೆಲಸ ಮೊದಲೇ ಎರಡಾಗಿತ್ತಲ್ಲ: ನಾಟಿ, ಕಳೆ ಹೆಣ್ಣಿಗೆ, ಉಳುಮೆ, ಬದು ಗಂಡಿಗೆ. ಹೋಲಿಸುವುದಕ್ಕೆ ಒಂದೇ ಕೆಲಸ ಎಲ್ಲಿಂದ ತರುವುದು?

ಇನ್ನೊಂದು ಹೊಗಳಿಕೆ ಉಂಟು, ಹೆಂಗಸರು ದುಂದು ಮಾಡುವುದಿಲ್ಲ ಅಂತ. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಬಂದಾಗಲೂ ಕೇಳಿದೆವು. ಅಕ್ಕಿ, ಮಗುವಿನ ಫೀಸು ಎಲ್ಲಾ ತಲೆ ಮೇಲಿರುವವಳು ಇನ್ನೇನು ಮಾಡಿಯಾಳು? ಅದನ್ನು ಗುಣ ಅನ್ನಬೇಡಿ, ಹೊರೆ ಅನ್ನಿ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸ್ಸು ಕಳಿಸಿದಳು. ಅದು ಆಕೆಯ ತೀರ್ಮಾನ. ನಮ್ಮ ಅವ್ವಂದಿರಿಗೆ ತೀರ್ಮಾನ ಮಾಡಲು ಬಿಟ್ಟವರು ಯಾರು?

ನಮ್ಮ ಕೇರಿಯ ಅಣ್ಣಂದಿರೇ, ಜಾತಿ ನೋಡಿ ಕೂಲಿ ಕಡಿಮೆ ಕೊಟ್ಟರೆ ನೀವು ಬೀದಿಗಿಳೀತೀರಿ, ಇಳಿಯಲೇಬೇಕು. ಅದೇ ಧಣಿ ಅದೇ ಸಂಜೆ ಪಕ್ಕದಲ್ಲಿ ನಿಂತ ಹೆಂಡತಿಯ ಕೈಗೆ ಕಡಿಮೆ ಎಣಿಸಿದರೆ, ಇಬ್ಬರ ದುಡ್ಡನ್ನೂ ಜೇಬಿಗೆ ಹಾಕಿಕೊಂಡು ನಡೀತೀರಿ. ಬರುವ ಶನಿವಾರದ ಬಟವಾಡೆಯಲ್ಲಿ ನಿಂತು ಕೇಳುವವರು ಯಾರು?