ಏರುರಸ್ತೆಯ ಓಟದಲ್ಲಿ ಜೊತೆಗಾರಿಕೆ

ಒಂದೇ ಕ್ಲಬ್ಬಿನ ಇಬ್ಬರು ಏರಿಳಿತದ ರಸ್ತೆ ಓಟವೊಂದಕ್ಕೆ ಒಟ್ಟಿಗೆ ನಿಂತಾಗ ಅವರ ನಡುವೆ ಎರಡು ಬಗೆಯ ಸಂಬಂಧಗಳಿರುತ್ತವೆ. ದಿನನಿತ್ಯದ ಅಭ್ಯಾಸದಿಂದ ಬೆಳೆದ ಸ್ನೇಹ ಒಂದು. ಎದೆಗೆ ಬಿಬ್ ಸಿಕ್ಕಿಸಿಕೊಂಡ ಗಳಿಗೆಯಿಂದ ಶುರುವಾಗುವ ಸ್ಪರ್ಧೆ ಇನ್ನೊಂದು. ಸಮತಟ್ಟಾದ ದಾರಿಯಲ್ಲಿ ಇವೆರಡೂ ಬಹುದೂರ ತಕರಾರಿಲ್ಲದೆ ಸಾಗುತ್ತವೆ. ಏರು ಬಂದೊಡನೆ ಒಬ್ಬರು ಅರ್ಧ ಹೆಜ್ಜೆ ಮುಂದಾಗುತ್ತಾರೆ, ಇನ್ನೊಬ್ಬರಿಗೆ ಏದುಸಿರು ಹತ್ತುತ್ತದೆ. ಮುಂದಾದವರು ಈಗ ನಿಧಾನಿಸಬೇಕೆ? ನಿಧಾನಿಸುವುದೇ ಸ್ನೇಹಧರ್ಮ ಎಂಬುದು ಥಟ್ಟನೆ ಹೊಳೆಯುವ ಉತ್ತರ. ಜೊತೆಗಾರಿಕೆಯನ್ನು ವೇಗದಿಂದ ಅಳೆದರೆ ಆ ಉತ್ತರ ಸರಿ. ಶ್ರಮದಿಂದ ಅಳೆದರೆ ಅದು ನಿಲ್ಲುವುದಿಲ್ಲ.

ಏರು ಇಬ್ಬರನ್ನು ಬೇರೆ ಮಾಡುವುದಕ್ಕೆ ಮೊದಲ ಕಾರಣ ದೇಹದ ಲೆಕ್ಕಾಚಾರ. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಬೇರೆ ಇಳಿಜಾರುಗಳಲ್ಲಿ ಓಟಕ್ಕೆ ತಗಲುವ ಶಕ್ತಿಯನ್ನು ಅಳೆದಿತ್ತು. ಅವರು ಕೊಟ್ಟ ಸೂತ್ರದ ಪ್ರಕಾರ, ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಪ್ರತಿ ಮೀಟರಿಗೆ ಸಮತಟ್ಟಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅಷ್ಟೇ ಕಡಿದಾದ ಇಳುಕಲಿನಲ್ಲಿ ಶಕ್ತಿ ಉಳಿಯುತ್ತದೆ, ಆದರೆ ಏರಿನಲ್ಲಿ ಕಳೆದುಕೊಂಡಷ್ಟು ಮರಳುವುದಿಲ್ಲ. ಹತ್ತಿ ಇಳಿದ ಒಟ್ಟು ಲೆಕ್ಕ ಸಮತಟ್ಟಿಗಿಂತ ಹತ್ತನೆಯ ಒಂದು ಪಾಲಿಗೂ ಮೀರಿ ದುಬಾರಿ. ಮೇಲಾಗಿ ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಉಸಿರಿಗೆ ಸಿಕ್ಕ ಆರಾಮದ ಬೆಲೆಯನ್ನು ಕಾಲುಗಳು ತೆರುತ್ತವೆ.

ಇದನ್ನು ಇಬ್ಬರಿಗೆ ಅನ್ವಯಿಸಿ ನೋಡಬಹುದು. ಸಮತಟ್ಟಿನಲ್ಲಿ ಒಬ್ಬರ ಪೇಸ್ ಕಿಲೋಮೀಟರಿಗೆ 5 ನಿಮಿಷ, ಇನ್ನೊಬ್ಬರದು 5 ನಿಮಿಷ 20 ಸೆಕೆಂಡ್ ಎಂದುಕೊಳ್ಳೋಣ. ಇಬ್ಬರೂ ಅದೇ ಶ್ರಮದಲ್ಲಿ ಆ ಏರನ್ನು ಹತ್ತಿದರೆ ಮೊದಲಿನವರಿಗೆ ಕಿಲೋಮೀಟರಿಗೆ ಸುಮಾರು 8 ನಿಮಿಷ 15 ಸೆಕೆಂಡ್, ಎರಡನೆಯವರಿಗೆ 8 ನಿಮಿಷ 50 ಸೆಕೆಂಡ್ ಹಿಡಿಯುತ್ತದೆ. ಯಾರೂ ಜೋರು ಮಾಡಿಲ್ಲ, ಯಾರೂ ಸೋತಿಲ್ಲ. ಆದರೂ 20 ಸೆಕೆಂಡಿನ ಅಂತರ ಅರ್ಧ ನಿಮಿಷವನ್ನು ದಾಟಿತು. ಅಕ್ಕಪಕ್ಕದಲ್ಲೇ ಹತ್ತಬೇಕೆಂದರೆ ಒಬ್ಬರು ತಮ್ಮ ಮಿತಿ ಮೀರಬೇಕು, ಇಲ್ಲವೆ ಇನ್ನೊಬ್ಬರು ತಮ್ಮ ಕಸುವನ್ನು ಅಡಗಿಸಬೇಕು. ಸಮವೇಗ ಎಂಬುದು ಅಸಮ ಶ್ರಮದ ಇನ್ನೊಂದು ಮುಖ.

ಜೊತೆಯಿಂದ ಸಿಗುವ ದೈಹಿಕ ಲಾಭವೂ ಏರಿನಲ್ಲಿ ಕರಗುತ್ತದೆ. 1953ರ ಎವರೆಸ್ಟ್ ದಂಡಯಾತ್ರೆಯಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ, ಮುಂದಿರುವವರ ಬೆನ್ನಿಗೆ ಅಂಟಿ ಓಡಿದರೆ ಗಾಳಿಯ ತಡೆ ಬಹುಪಾಲು ತಗ್ಗುತ್ತದೆಂದು 1971ರಲ್ಲಿ ತೋರಿಸಿದರು. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾದದ್ದು. ಕಿಲೋಮೀಟರಿಗೆ ಎಂಟು ನಿಮಿಷದ ಕುಂಟು ವೇಗದಲ್ಲಿ, ಎದುರುಗಾಳಿ ಇಲ್ಲದಿದ್ದರೆ, ಆ ಆಸರೆಗೆ ಹೆಚ್ಚು ಬೆಲೆಯಿಲ್ಲ. ಅಲ್ಲಿ ಜೊತೆಗಾರರು ಕೊಡಬಹುದಾದದ್ದು ಮನಸ್ಸಿನ ಬಲ ಮಾತ್ರ.

ಆ ಬಲ ಸಣ್ಣದೇನಲ್ಲ. ಜರ್ಮನಿಯ ಮನೋವಿಜ್ಞಾನಿ ಒಟ್ಟೊ ಕೋಲರ್ 1920ರ ದಶಕದಲ್ಲಿ ಬರ್ಲಿನ್ನಿನ ದೋಣಿ ಕ್ಲಬ್ಬೊಂದರ ಸದಸ್ಯರಿಂದ ದಣಿಯುವವರೆಗೆ ಭಾರ ಎತ್ತಿಸಿದರು. ಮೊದಲು ಒಬ್ಬೊಬ್ಬರಾಗಿ, ಆಮೇಲೆ ಇಬ್ಬರಿಗೆ ಒಂದೇ ಸರಳು ಕೊಟ್ಟು. ಜೋಡಿಯಲ್ಲಿ ಬಲ ಕಡಿಮೆಯಿದ್ದವರು ಒಂಟಿಯಾಗಿ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ತಡೆದರು. ಇಬ್ಬರ ಸಾಮರ್ಥ್ಯದ ಅಂತರ ಮಧ್ಯಮವಾಗಿದ್ದಾಗಲೇ ಈ ಪರಿಣಾಮ ಹೆಚ್ಚು. ಅಂತರ ತೀರಾ ದೊಡ್ಡದಾದರೆ ಅದು ಉಳಿಯುವುದಿಲ್ಲ. ಓಟಕ್ಕೆ ಇದರಿಂದ ಎರಡು ಸಂಗತಿ ತಿಳಿಯುತ್ತವೆ. ತುಸು ಮುಂದಿರುವ ಜೊತೆಗಾರರು ಹಿಂದಿರುವವರನ್ನು ಎಳೆಯುತ್ತಾರೆ. ಮುಂದಿರುವವರು ಬೇಕೆಂದೇ ನಿಂತುಕೊಂಡರೆ ಆ ಸೆಳೆತವೇ ಇಲ್ಲವಾಗುತ್ತದೆ.

ಇಲ್ಲಿಂದ ಮುಂದೆ ಪ್ರಶ್ನೆ ನೀತಿಯದು. ತತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟವಾದ ‘ದಿ ಗ್ರಾಸ್‌ಹಾಪರ್’ ಕೃತಿಯಲ್ಲಿ, ಅಗತ್ಯವಿಲ್ಲದ ಅಡ್ಡಿಗಳನ್ನು ಮನಸಾರೆ ಒಪ್ಪಿಕೊಂಡು ದಾಟುವ ಪ್ರಯತ್ನವೇ ಆಟ ಎಂದು ವಾದಿಸಿದರು. ಗುಡ್ಡದ ರಸ್ತೆ ಓಟ ಇದಕ್ಕೆ ಚೊಕ್ಕ ನಿದರ್ಶನ: ಅಷ್ಟೇ ದೂರವನ್ನು ಬಯಲಿನಲ್ಲಿ ಓಡಬಹುದಾಗಿದ್ದರೂ ಜನ ದುಡ್ಡು ಕಟ್ಟಿ ಏರನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಆರಿಸಿಕೊಂಡದ್ದರ ಸಾರ, ಆ ಏರಿನ ಮುಂದೆ ತನ್ನ ಅಳತೆ ಎಷ್ಟೆಂದು ತಿಳಿಯುವುದು. ಸ್ನೇಹಿತನ ಒಳಿತನ್ನು ಆ ಸ್ನೇಹಿತನಿಗಾಗಿಯೇ ಬಯಸುವುದು ಉತ್ತಮ ಸ್ನೇಹವೆಂದು ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಹೇಳುತ್ತಾನೆ. ಓಟದ ದಿನ ಜೊತೆಗಾರರ ಒಳಿತು ಅವರದೇ ಆದ ಓಟ. ಕೇಳದೆ ನಿಧಾನಿಸುವವರು ಎರಡು ಓಟಗಳನ್ನು ಕೆಡಿಸುತ್ತಾರೆ: ತಮ್ಮದು ಅಳತೆಗೆ ಸಿಗದೆ ಹೋಗುತ್ತದೆ, ಹಿಂದಿರುವವರಿಗೆ ಏರಿನ ಭಾರದ ಮೇಲೆ ಋಣದ ಭಾರವೂ ಬೀಳುತ್ತದೆ. ತನ್ನಿಂದ ಇನ್ನೊಬ್ಬರ ಟೈಮಿಂಗ್ ಹಾಳಾಯಿತೆಂಬ ಅಳುಕಿನಲ್ಲಿ ಹತ್ತುವವರು ಮಿತಿ ಮೀರಿ ಓಡಿ ಮುಂದಿನ ಇಳುಕಲಿನಲ್ಲಿ ಕುಸಿಯುವುದೇ ಹೆಚ್ಚು.

ಅನುಕಂಪದ ಸನ್ನೆಯೂ ಬಯಸಿದ ಅರ್ಥವನ್ನೇ ಕೊಡುತ್ತದೆಂಬ ಖಾತರಿಯಿಲ್ಲ. 1936ರ ಬಾಸ್ಟನ್ ಮ್ಯಾರಥಾನಿನಲ್ಲಿ ನ್ಯೂಟನ್ ಪ್ರದೇಶದ ಏರುಗಳ ಮೇಲೆ ಎಲಿಸನ್ ಬ್ರೌನ್‌ನನ್ನು ಹಿಡಿದ ಜಾನ್ ಕೆಲ್ಲಿ ಆತನ ಬೆನ್ನು ತಟ್ಟಿದ. ಕೆರಳಿದ ಬ್ರೌನ್ ಮತ್ತೆ ಮುಂದಾಗಿ ಗೆದ್ದ, ಕೆಲ್ಲಿ ಐದನೆಯವನಾದ. ಅಲ್ಲಿನ ಕೊನೆಯ ದಿಬ್ಬಕ್ಕೆ ‘ಹಾರ್ಟ್‌ಬ್ರೇಕ್ ಹಿಲ್’ ಎಂಬ ಹೆಸರು ಬಂದದ್ದು ಈ ಪ್ರಸಂಗದಿಂದ. ಅವರಿಬ್ಬರು ಎದುರಾಳಿಗಳು, ನಿಜ. ಆದರೆ ಏರಿನಲ್ಲಿ ತೋರಿಸಿದ ಸೌಜನ್ಯದೊಳಗೆ ಮೇಲುಗೈಯ ಸೂಚನೆಯೂ ಇರುತ್ತದೆಂಬುದು ಕ್ಲಬ್ಬಿನ ಗೆಳೆಯರಿಗೂ ಹೊಂದುವ ಮಾತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಊರ ಮಟ್ಟದ ಓಟದಲ್ಲಿ ಪದಕಕ್ಕಿಂತ ಒಟ್ಟಿಗಿರುವ ಸುಖ ದೊಡ್ಡದಲ್ಲವೇ? 2016ರ ರಿಯೊ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಜರ್ಮನಿಯ ಅವಳಿ ಸೋದರಿಯರಾದ ಆನಾ ಮತ್ತು ಲೀಸಾ ಹಾನರ್ ಕೈಕೈ ಹಿಡಿದು 81 ಮತ್ತು 82ನೆಯವರಾಗಿ ಗುರಿ ಮುಟ್ಟಿದಾಗ ಅವರ ದೇಶದ ಅಥ್ಲೆಟಿಕ್ಸ್ ಒಕ್ಕೂಟವೇ ಟೀಕಿಸಿತು. ದೇಶದ ಪರವಾಗಿ ಓಡುವವರಿಗೆ ಆ ಟೀಕೆ ಸಲ್ಲಬಹುದು. ಊರ ಓಟಕ್ಕೆ ಬಂದವರು ಅಂಥ ಯಾವ ಪ್ರಾತಿನಿಧ್ಯಕ್ಕೂ ಬದ್ಧರಲ್ಲ. ಆದ್ದರಿಂದ ಒಟ್ಟಿಗೆ ಮುಗಿಸುವುದು ಅಲ್ಲಿ ತಪ್ಪಲ್ಲ. ಆದರೆ ಅದು ಓಟಕ್ಕೆ ಮುಂಚೆಯೇ ಇಬ್ಬರೂ ಬಾಯಿಬಿಟ್ಟು ಆಡಿಕೊಂಡ ಒಪ್ಪಂದವಾಗಿರಬೇಕು. ಹಾಗೆ ಒಪ್ಪಿದಲ್ಲಿ ಮುಂದಿರುವವರು ತ್ಯಾಗಿಯಲ್ಲ, ವೇಗ ಹಿಡಿದುಕೊಡುವ ಪೇಸರ್, ಹಿಂದಿರುವವರೂ ಋಣಿಯಲ್ಲ.

ಅಭ್ಯಾಸಕ್ಕೂ ಸ್ಪರ್ಧೆಗೂ ಇರುವ ವ್ಯತ್ಯಾಸವೂ ಇಲ್ಲಿ ಮುಖ್ಯ. ಬೆಂಗಳೂರಿನ ಓಟಗಾರರು ನಂದಿಬೆಟ್ಟದ ತಿರುವುಗಳಲ್ಲಿ ಏರಿನ ಅಭ್ಯಾಸ ಮಾಡುವಾಗ ಮೊದಲು ತಲುಪಿದವರು ಮೇಲೆ ಕಾಯುವುದು ಸಹಜ, ಏಕೆಂದರೆ ಅಭ್ಯಾಸ ಗುಂಪಿನದು. ಅದೇ ಓಟಗಾರರು ಸಾತಾರಾದ ಹಿಲ್ ಹಾಫ್ ಮ್ಯಾರಥಾನಿಗೆ ಹೋದರೆ ಲೆಕ್ಕ ಬೇರೆ. ಯವತೇಶ್ವರ ಘಾಟಿಯನ್ನು ಹತ್ತಿ ಅದೇ ರಸ್ತೆಯಲ್ಲಿ ಇಳಿಯುವ ಆ ಓಟದಲ್ಲಿ, ಏರಿನಲ್ಲಿ ಅಗಲಿದವರು ತಿರುವಿನ ಆಚೀಚೆ ಎದುರುಬದುರಾಗುತ್ತಾರೆ. ಒಬ್ಬರು ಇಳಿಯುತ್ತ, ಒಬ್ಬರು ಹತ್ತುತ್ತ ಒಂದು ಮಾತು ಹಂಚಿಕೊಂಡು ಮುಂದೆ ಸಾಗಬಹುದು. ಅಂತರ ಬಿದ್ದ ಮಾತ್ರಕ್ಕೆ ಜೊತೆ ಕಡಿಯುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಒಟ್ಟಿನಲ್ಲಿ ಕಾಯಬೇಕಾದ ಸಂದರ್ಭಗಳು ಎರಡೇ: ಮೊದಲೇ ಮಾತು ಕೊಟ್ಟಿದ್ದರೆ, ಅಥವಾ ಜೊತೆಗಾರರು ಗಾಯಗೊಂಡರೆ ಇಲ್ಲವೆ ಅಸ್ವಸ್ಥರಾದರೆ. ಎರಡನೆಯ ಸಂದರ್ಭದಲ್ಲಿ ಕ್ಲಬ್ಬಿನವರೋ ಅಪರಿಚಿತರೋ ಎಂಬ ಭೇದವೂ ಇಲ್ಲ. ನಿಲ್ಲುವುದು ಎಲ್ಲರ ಕರ್ತವ್ಯ. ಉಳಿದಂತೆ ಇಬ್ಬರೂ ತಮ್ಮ ತಮ್ಮ ಉಸಿರಿಗೆ ತಕ್ಕಂತೆ ಹತ್ತುವುದೇ ಪರಸ್ಪರ ಸಲ್ಲಿಸುವ ಗೌರವ.